ದೊಡ್ಡಪ್ಪನ ಪರವಾಗಿ ಬರೆದ ಪತ್ರ

ಕಳೆದ ತಿಂಗಳು ಮೊಮ್ಮಗಳು ನನ್ನನ್ನು ಮೂಡಬಿದಿರೆ ಪೇಟೆಯ ಬಟ್ಟೆ ಅಂಗಡಿಯೊಂದಕ್ಕೆ ಎಳೆದುಕೊಂಡು ಹೋದಳು. ಅವಳ ಕಾಲೇಜಿನಲ್ಲಿ ಏನೋ ನಾಟಕವಂತೆ, ಅದರ ಪರದೆಗೆ ಕೋರಾ ಬಟ್ಟೆ ಬೇಕಿತ್ತು. ಈಗ ಕೋರಾ ಬಟ್ಟೆ ಕೇಳುವವರೇ ಇಲ್ಲ. ಅಂಗಡಿಯವರು ಒಳಗಿನಿಂದ ಹುಡುಕಿ ಒಂದು ಥಾನು ತಂದು, ಮೇಜಿನ ಮೇಲೆ ದಬದಬನೆ ಉರುಳಿಸಿ ಬಿಡಿಸಿ, ಅಳೆದು, ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ ಪರ್ರನೆ ಹರಿದರು. ಗಂಜಿಯ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ನಾನು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ.

“ಅಜ್ಜ, ಬಿಪಿಯಾ?” ಎಂದು ಅವಳು ಗಾಬರಿಯಾದಳು.

“ಬಿಪಿ ಅಲ್ಲ ಮಾರಾಯ್ತಿ, ಬಂಟ್ವಾಳ,” ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಕೂತು ಕೇಳುವಷ್ಟು ಪುರುಸೊತ್ತೂ ಇರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿದ್ದ ಕಾಲ. ನನಗೆ ಇಪ್ಪತ್ತು ತುಂಬಿತ್ತು. ಮಂಗಳೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಮುಖ್ಯ ವಿಷಯವಾಗಿ ಇಟ್ಟುಕೊಂಡು ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಮೊದಲು ಕಾಲೇಜಿನವರೇ ಒಂದು ಪರೀಕ್ಷೆ ಇಡುತ್ತಿದ್ದರು. ಅದರಲ್ಲಿ ದಾಟಿದವರನ್ನು ಮಾತ್ರ ಮುಂದಕ್ಕೆ ಕಳಿಸುವುದು. ನನ್ನನ್ನು ಕಳಿಸಲಿಲ್ಲ. ತರಗತಿಯಲ್ಲಿ ನನ್ನಷ್ಟು ಪದ್ಯ ಬಾಯಿಪಾಠ ಇದ್ದವರು ಯಾರೂ ಇರಲಿಲ್ಲ, ಹಾಗಾಗಿ ನನ್ನ ಟಿಪ್ಪಣಿ ನಕಲು ಮಾಡಿ ಪಾಸಾದವರಿಗೆ ನನಗಿಂತ ಹೆಚ್ಚು ಆಶ್ಚರ್ಯವಾಯಿತು.

ಆದದ್ದು ಇಷ್ಟು. ನಾಟಕದ ಪತ್ರಿಕೆಯಲ್ಲಿ ಒಬ್ಬ ಅರಸನ ಕುರಿತು ಪ್ರಶ್ನೆ ಇತ್ತು. ಅವನ ನಾಶಕ್ಕೆ ಅವನೇ ಎಷ್ಟರಮಟ್ಟಿಗೆ ಕಾರಣ, ಚರ್ಚಿಸಿ ಎಂದು. ನಾನು ಒಂಬತ್ತು ಪುಟ ಬರೆದೆ. ಮೊದಲ ವಾಕ್ಯವೇ ‘ನಾನು’ ಎಂದು ಶುರು. ನಾನು ಯಾಕೆ ಹಾಗೆ ಮಾಡಿದೆ, ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ, ತಪ್ಪು ಹೊರಿಸಲು ಬಂದ ನೀವು ಯಾವ ಧರ್ಮವನ್ನು ಬಲ್ಲಿರಿ ಎಂದೆಲ್ಲ ಅರಸನೇ ಎದ್ದು ಬಂದು ಪರೀಕ್ಷಕರನ್ನು ವಿಚಾರಣೆಗೆ ನಿಲ್ಲಿಸಿದ್ದ. ಉಳಿದ ಪ್ರಶ್ನೆಗಳಲ್ಲೂ ಇದೇ ಕಥೆ. ಉತ್ತರ ಪತ್ರಿಕೆ ತಿದ್ದಿದವರು ನಮ್ಮ ಲೋಬೊ ಸರ್. ಕೆಂಪು ಶಾಯಿಯಲ್ಲಿ ಕೊನೆಗೆ ಬರೆದಿದ್ದರು: ‘ಇದು ಅರಸನ ಅಭಿಪ್ರಾಯ. ನಿನ್ನದು ಎಲ್ಲಿ?’

ನನ್ನನ್ನು ಕೇಳಿದರೆ ತಪ್ಪು ದೊಡ್ಡಪ್ಪನದ್ದು. ನಮ್ಮ ಕಡೆಯ ತಾಳಮದ್ದಳೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಚಾಪೆಯ ಮೇಲೆ ಎದುರುಬದುರು ಕೂತವರು ಆ ಪದದ ಅರ್ಥವನ್ನು ತಂತಮ್ಮ ಪಾತ್ರದ ಮಾತಾಗಿ ಆ ಕ್ಷಣಕ್ಕೆ ಕಟ್ಟಿ ಹೇಳುತ್ತಾರೆ. ಎದುರಿನವನ ಪ್ರಶ್ನೆಗೆ ಉತ್ತರ ಹುಟ್ಟದಿದ್ದರೆ ಅಲ್ಲಿಗೆ ಸೋತ ಹಾಗೆ. ಬೆಳ್ತಂಗಡಿಯಿಂದ ಮೂಡಬಿದಿರೆಯವರೆಗೆ ದೊಡ್ಡಪ್ಪನ ಅರ್ಥ ಎಂದರೆ ಜನ ಮಳೆಯಲ್ಲಿ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ಹತ್ತನೆಯ ವಯಸ್ಸಿನಿಂದ ನನ್ನನ್ನು ಎದುರು ಕೂರಿಸಿಕೊಂಡು ಕಲಿಸಿದವರು ಅವರು. ಅವರ ಪಾಠ ಒಂದೇ. ಯಾವ ಪಾತ್ರ ಸಿಕ್ಕಿತೋ ಅದರ ಒಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳಬೇಕು, ಹೊರಗೆ ಇಣುಕಬಾರದು. ಕೆಟ್ಟವನ ಪಾತ್ರವಾದರೆ ಕೇಳುವವರಿಗೆ ಅವನು ಕೆಟ್ಟವನೆಂಬುದೇ ಮರೆತುಹೋಗಬೇಕು. ಮಂಗಳೂರಿಗೆ ಹೋಗಿ ಇಂಗ್ಲಿಷ್ ನಾಟಕ ಓದಿದಾಗ ನಾನು ಮಾಡಿದ್ದೂ ಅದನ್ನೇ.

ಲೋಬೊ ಸರ್ ಕೆಟ್ಟವರಲ್ಲ. ಬೇಸಗೆ ರಜೆಗೆ ಮೊದಲು ಕರೆದು ಹೇಳಿದರು, ಸೆಪ್ಟೆಂಬರಿನಲ್ಲಿ ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ಕಳಿಸಬಹುದು. ಆದರೆ ಅದಕ್ಕೆ ಒಂದು ತಿಂಗಳು ಮೊದಲೇ ಬಂದು ಹಾಸ್ಟೆಲಿನಲ್ಲಿ ಉಳಿದು, ದಿನಕ್ಕೆ ಒಂದು ಪುಟ ಅವರ ಎದುರೇ ಬರೆಯಬೇಕು. ಮನೆಯ ಹಿರಿಯರು ಹುಡುಗನನ್ನು ಬಿಟ್ಟುಕೊಡಲು ತಯಾರಿದ್ದೇವೆ ಎಂದು ಪ್ರಿನ್ಸಿಪಾಲರಿಗೆ ಪತ್ರ ಬರೆಯಬೇಕು. ಪ್ರಿನ್ಸಿಪಾಲರಿಗೆ ಕನ್ನಡ ಬಾರದು, ಪತ್ರ ಇಂಗ್ಲಿಷಿನಲ್ಲಿರಬೇಕು. ನಮ್ಮ ತುಳುನಾಡಿನಲ್ಲಿ ಹೊಸತೇನೂ ತೊಡಗದ ಆಟಿ ತಿಂಗಳು, ಅಂದರೆ ಆಗಸ್ಟಿನ ಅರ್ಧ, ಮುಗಿಯುವ ಮೊದಲು ಅದು ತಲುಪದಿದ್ದರೆ ನನ್ನ ಹೆಸರು ತೆಗೆದುಹಾಕುತ್ತಾರೆ. ಹೆಸರು ಹೋದರೆ ಎಂ.ಎ. ಹೋಯಿತು, ಇಂಗ್ಲಿಷ್ ಹೋಯಿತು, ಬಂಟ್ವಾಳದ ದೊಡ್ಡಪ್ಪನ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದು ಕೂರುವುದೊಂದೇ ಉಳಿಯುತ್ತದೆ. ನನಗೆ ಇದು ಕತ್ತಿನ ಮೇಲೆ ಕೂತ ಹಾಗಿತ್ತು.

ಅಂಗಡಿ ಪೇಟೆಯ ಬೀದಿಗೆ ಮುಖ ಮಾಡಿ, ಬೆನ್ನನ್ನು ನೇತ್ರಾವತಿಗೆ ಕೊಟ್ಟು ನಿಂತಿತ್ತು. ಕೆಳಗೆ ಅಂಗಡಿ, ಮೇಲೆ ಮಾಳಿಗೆಯಲ್ಲಿ ಮನೆ. ಮನೆಯಲ್ಲಿ ನಾವು ಮೂವರು. ನಾನು ಏಳು ವರ್ಷದವನಿದ್ದಾಗ ಅಪ್ಪ ತೀರಿಹೋದರು. ಅಂದಿನಿಂದ ಅಮ್ಮ ಮತ್ತು ನಾನು ಅಪ್ಪನ ಅಣ್ಣನ ಆಸರೆಯಲ್ಲಿದ್ದೆವು. ದೊಡ್ಡಮ್ಮ ಅದಕ್ಕೂ ಮೊದಲೇ ಹೋಗಿದ್ದರು, ಅವರಿಗೆ ಮಕ್ಕಳಿರಲಿಲ್ಲ. ಆಗಿನ ರೀತಿಯಂತೆ ಅಮ್ಮ ಭಾವನ ಎದುರು ಬಂದು ಮಾತಾಡುವವಳಲ್ಲ. ‘ಊಟಕ್ಕಾಯಿತು ಅಂತ ದೊಡ್ಡಪ್ಪನಿಗೆ ಹೇಳು’ ಎಂದು ನನ್ನ ಕೈಯಲ್ಲಿ ಹೇಳಿಸುವಳು. ಪಕ್ಕದಲ್ಲೇ ಕೂತ ದೊಡ್ಡಪ್ಪ ಅದನ್ನು ಕೇಳಿಯೂ ನಾನು ಹೇಳುವ ತನಕ ಏಳುತ್ತಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಇರಿಚಲು ಒಳಗೆ ಬಾರದಂತೆ ಅಂಗಡಿಯ ಮುಂದೆ ತೆಂಗಿನ ಮಡಲಿನ ತಟ್ಟಿ ಕಟ್ಟಿದೆವು. ಅದರಿಂದ ನೀರು ನಿಂತಿತೋ ಇಲ್ಲವೋ, ಬೆಳಕಂತೂ ನಿಂತಿತು. ಬೆಳಿಗ್ಗೆ ಎಂಟರಿಂದ ಸಂಜೆ ತನಕ ಆ ಕತ್ತಲೆಯಲ್ಲಿ ನಾನು, ದೊಡ್ಡಪ್ಪ, ಗೋಡೆಯುದ್ದಕ್ಕೂ ಪೇರಿಸಿದ ಥಾನುಗಳು. ತೇವಕ್ಕೆ ಬಟ್ಟೆಯ ಗಂಜಿ ಹುಳಿಯುತ್ತಿತ್ತು. ಆ ವಾಸನೆ ಅನ್ನದಲ್ಲೂ ಇತ್ತು, ದಿಂಬಿನಲ್ಲೂ ಇತ್ತು. ಘಟ್ಟದ ಬುಡದ ನೆರಿಯದಿಂದ ಯಾರಾದರೂ ಮದುವೆಗೆ ಬಟ್ಟೆ ಕೇಳಿಕೊಂಡು ಬಂದರೆ ಅದೊಂದು ಹಬ್ಬ, ಇಲ್ಲದಿದ್ದರೆ ಗಿರಾಕಿಯೂ ಇಲ್ಲ. ಗಿರಾಕಿ ಬಂದರೆ ದೊಡ್ಡಪ್ಪ ಕೂತಲ್ಲಿಂದ ಹೇಳುವರು, “ವಾಸು, ಎರಡನೇ ಸಾಲು, ಮೇಲಿನಿಂದ ನಾಲ್ಕನೆಯದ್ದು.” ನಾನು ತೆಗೆದುಕೊಡಬೇಕು. ತೆಗೆದ ಥಾನನ್ನು ಅದೇ ಜಾಗದಲ್ಲಿ ಇಡದಿದ್ದರೆ ಬೈಗುಳ ತಪ್ಪುತ್ತಿರಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟೇ ಎಂದು ನನಗೂ ಸಿಟ್ಟು ಬರುತ್ತಿತ್ತು.

ಲೋಬೊ ಸರ್ ಹೇಳಿದ ಹಾಗೆ ದಿನಕ್ಕೊಂದು ಪುಟ ಬರೆಯಲು ನಾನು ಅಲ್ಲಿಯೇ ಶುರು ಮಾಡಿದೆ. ಬಟ್ಟೆಯ ಗಂಟಿಗೆ ಸುತ್ತಿ ಬರುವ ಕಂದು ಕಾಗದದ ಹಿಂಬದಿಯಲ್ಲಿ. ಒಂದು ಪದ್ಯ ತೆಗೆದುಕೊಂಡು ಅದರ ಕುರಿತು ನನ್ನ ಸ್ವಂತ ಅಭಿಪ್ರಾಯ ಬರೆಯಬೇಕು. ಒಂದು ವಾರದಲ್ಲಿ ನಾನು ಆ ಪದ್ಯದ ಕವಿಯಾಗಿ ಬರೆದೆ, ಕವಿಯ ಹೆಂಡತಿಯಾಗಿ ಬರೆದೆ, ಕವಿ ಹೊಗಳಿದ ಹಕ್ಕಿಯಾಗಿಯೂ ಬರೆದೆ. ಹಕ್ಕಿಯ ವಾದ ಬಹಳ ಚೆನ್ನಾಗಿತ್ತು. ನಾನಾಗಿ ಬರೆಯುವ ಎಂದು ಕೂತರೆ ಮಾತ್ರ ಒಂದು ಸಾಲೂ ಹೊರಡದು. ನನಗೆ ಅಭಿಪ್ರಾಯವೇ ಇಲ್ಲವೋ, ಇದ್ದರೆ ಅದು ಯಾವ ಮೂಲೆಯಲ್ಲಿ ಕೂತಿದೆಯೋ ಎಂದು ಹೆದರಿಕೆ ಹುಟ್ಟಿತು.

ಪತ್ರದ ಮಾತು ಎತ್ತಿದರೆ ದೊಡ್ಡಪ್ಪನ ಉತ್ತರ ಒಂದೇ.

“ಆಟಿ ಕಳೆಯಲಿ, ನೋಡುವ.”

“ಆಟಿ ಮುಗಿಯುವ ಮೊದಲೇ ಪತ್ರ ತಲುಪಬೇಕು ದೊಡ್ಡಪ್ಪ.”

“ಹಾಗಾದ್ರೆ ಆಟಿಯಲ್ಲೇ ನೋಡುವ.”

ಇಲ್ಲ ಎಂದಿದ್ದರೆ ಜಗಳವಾಡಬಹುದಿತ್ತು. ಅವರು ಇಲ್ಲ ಎನ್ನಲಿಲ್ಲ. ಸಾಯುತ್ತಿದ್ದ ತಮ್ಮನಿಗೆ ಕೊಟ್ಟ ಮಾತಿಗಾಗಿ ನನ್ನನ್ನು ಓದಿಸಿದವರು, ಅಷ್ಟು ಸುಲಭದಲ್ಲಿ ಇಲ್ಲ ಎನ್ನಲು ಅವರಿಗೆ ಬಾಯಿ ಬಾರದು. ಹೌದು ಎನ್ನಲೂ ಬಾರದು. ನನಗೆ ತಟ್ಟಿ ಕಟ್ಟಿದ ಅಂಗಡಿಗಿಂತ ಈ ‘ನೋಡುವ’ ಎಂಬ ಮಾತೇ ಹೆಚ್ಚು ಉಸಿರುಗಟ್ಟಿಸಿತು.

ಜುಲೈಯಲ್ಲಿ ಬೆಳ್ತಂಗಡಿಯಲ್ಲಿ ಒಂದು ತಾಳಮದ್ದಳೆ ಕೂಟ ಇತ್ತು. ಶನಿವಾರ ಮಧ್ಯಾಹ್ನ ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ಮುಗಿಯುವಂಥದ್ದು. ದೊಡ್ಡಪ್ಪ ಗೆಲ್ಲುವ ಪಕ್ಷ, ನಾನು ಸೋಲುವ ಪಕ್ಷ. ಪ್ರಸಂಗದಲ್ಲಿ ನಾನು ಸೋಲಲೇಬೇಕು, ಆದರೆ ಮಾತಿನಲ್ಲಿ ಸೋಲಬೇಕೆಂದು ಎಲ್ಲೂ ಬರೆದಿಲ್ಲ. ಅಂದು ನಾನು ಕೇಳಿದ ಒಂದು ಪ್ರಶ್ನೆಗೆ ದೊಡ್ಡಪ್ಪ ಎರಡು ನಿಮಿಷ ಸುಮ್ಮನೆ ಕೂತರು. ಸಭೆಯಲ್ಲಿ ಗುಸುಗುಸು ಹಬ್ಬಿತು. ಮುಗಿದ ಮೇಲೆ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, “ಇನ್ನು ಚಿಂತೆ ಇಲ್ಲ. ಅಂಗಡಿಗೂ ಅರ್ಥಕ್ಕೂ ಜನ ಆಯ್ತು,” ಎಂದು ದೊಡ್ಡಪ್ಪನಿಗೆ ಹೇಳಿದರು. ದೊಡ್ಡಪ್ಪನ ಮುಖ ಅರಳಿತು. ನನಗೆ ಯಾರೋ ಹೊರಗಿನಿಂದ ಚಿಲಕ ಹಾಕಿದ ಶಬ್ದ ಕೇಳಿದಂತಾಯಿತು.

ಬರುವಾಗ ಬಸ್ಸಿನಲ್ಲಿ ನೇರವಾಗಿ ಹೇಳಿಯೇಬಿಟ್ಟೆ. “ದೊಡ್ಡಪ್ಪ, ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡ್ತೇನೆ.”

“ಒಳ್ಳೆಯದು,” ಎಂದರು. “ಆಚೆಯವರ ಕಥೆಗಳು ಗೊತ್ತಿದ್ರೆ ಅರ್ಥಕ್ಕೆ ಉಪಕಾರ ಆಗ್ತದೆ.”

ಬಂಟ್ವಾಳ ಬರುವ ತನಕ ನಾನು ಕಿಟಕಿಯ ಟಾರ್ಪಾಲನ್ನು ನೋಡುತ್ತಾ ಕೂತೆ.

ಆಟಿ ಮುಗಿಯಲು ನಾಲ್ಕೈದು ದಿನ ಇರುವಾಗ ಹೊಳೆ ಏರಿತು. ನಮ್ಮ ಪೇಟೆಗೆ ನೆರೆ ಹೊಸದಲ್ಲ. ಹಿತ್ತಿಲ ಮೆಟ್ಟಿಲು ಎಷ್ಟು ಮುಳುಗಿದರೆ ಏನು ಮಾಡಬೇಕು ಎಂದು ಎಲ್ಲರಿಗೂ ಲೆಕ್ಕ ಗೊತ್ತು. ಮಧ್ಯಾಹ್ನದ ಒಳಗೆ ಐದು ಮೆಟ್ಟಿಲು ಹೋದವು, ನಾವು ಥಾನುಗಳನ್ನು ಮಾಳಿಗೆಗೆ ಸಾಗಿಸಲು ಶುರು ಮಾಡಿದೆವು. ಅಮ್ಮ ಸೆರಗು ಸಿಕ್ಕಿಸಿಕೊಂಡು ನನಗಿಂತ ಬೇಗ ಬೇಗ ಹೊತ್ತಳು. ದೊಡ್ಡಪ್ಪ ಮಾತ್ರ ಒಂದು ಥಾನನ್ನು ಎದೆಗೆ ಅವಚಿಕೊಂಡು ಮಾಳಿಗೆಯ ನಡುವೆ ನಿಂತುಬಿಟ್ಟಿದ್ದರು. ಎಲ್ಲಿ ಇಡುವುದೆಂದು ತಿಳಿಯದವರ ಹಾಗೆ. “ಎಲ್ಲಾದರೂ ಹಾಕಿ ದೊಡ್ಡಪ್ಪ, ನೀರು ಬರ್ತಾ ಉಂಟು,” ಎಂದು ನಾನು ಗದರಿದೆ. ಅವರಿಗೆ ನಾನು ಗದರಿದ್ದು ಅದೇ ಮೊದಲು. ಅವರು ಅದನ್ನು ನನ್ನ ಕೈಗೆ ಕೊಟ್ಟರು.

ಸಂಜೆಯ ಹೊತ್ತಿಗೆ ಅಂಗಡಿಯಲ್ಲಿ ಸೊಂಟದ ತನಕ ಕೆಂಪು ನೀರು. ಮೇಲೆ ನಾವು ಮೂವರು, ನೂರಾರು ಥಾನುಗಳು. ಕಾಲು ಚಾಚಲು ಜಾಗ ಇಲ್ಲ. ಅಮ್ಮ ಒಂದು ಮೂಲೆಯಲ್ಲಿ ಕಲ್ಲಿಟ್ಟು ಒಲೆ ಹೂಡಿದ್ದಳು. ಅವಳಿಗೂ ನಮಗೂ ನಡುವೆ ಬಟ್ಟೆಯದ್ದೇ ಒಂದು ಗೋಡೆ ಎದ್ದಿತ್ತು. ಎರಡನೆಯ ದಿನ ಮಧ್ಯಾಹ್ನ, ನೀರು ಆಳೆತ್ತರ ಏರಿದ್ದಾಗ, ಕಿಟಕಿಯ ಬಳಿ ಯಾರೋ ಕೂಗಿದರು. ಹಸನಬ್ಬ. ಹೊಳೆಯಾಚೆಯ ಪಾಣೆಮಂಗಳೂರಿನವನು. ಮಳೆಗಾಲವಲ್ಲದಾಗ ದೋಣಿಯಲ್ಲಿ ಉಪ್ಪು, ಹೆಂಚು ಸಾಗಿಸುವವನು. ದೊಡ್ಡಪ್ಪನ ಅರ್ಥ ಎಂದರೆ ಪ್ರಾಣ. ಬೀದಿಯಲ್ಲೇ ದೋಣಿ ತಂದು ಒಂದು ಮೂಟೆ ಅಕ್ಕಿ, ಸೀಮೆಎಣ್ಣೆ ಕಿಟಕಿಯಿಂದ ಒಳಗೆ ಕೊಟ್ಟ.

“ಪಾಣೆಮಂಗಳೂರಿಂದ ಮಂಗಳೂರಿಗೆ ಬಸ್ಸು ಉಂಟಂತೆ,” ಎಂದ. “ನಾಳೆ ಬೆಳಿಗ್ಗೆ ಆಚೆ ಹೋಗ್ತೇನೆ. ಕಾಗದ ಗೀಗದ ಇದ್ರೆ ಕೊಡಿ ಸ್ವಾಮಿ, ಕಂಡಕ್ಟರನ ಕೈಯಲ್ಲಿ ಕಳಿಸುವ. ನಾಡಿದ್ದಿಂದ ನಾನೂ ಬರ್ಲಿಕ್ಕಿಲ್ಲ, ನೀರಿನ ಸೆಳೆತ ಜಾಸ್ತಿ ಆಗ್ತಾ ಉಂಟು.”

ನಾನು ದೊಡ್ಡಪ್ಪನ ಮುಖ ನೋಡಿದೆ. ಇನ್ನು ಆಟಿ ಎನ್ನಲು ಆಗದು, ನೋಡುವ ಎನ್ನಲೂ ಆಗದು.

“ಬರೆ,” ಎಂದರು. “ನನಗೆ ಇಂಗ್ಲಿಷ್ ಇಲ್ಲ. ನನ್ನ ಪರವಾಗಿ ನೀನೇ ಬರೆ, ರುಜು ಹಾಕ್ತೇನೆ. ಆದ್ರೆ ನಾನು ಬರೆದ ಹಾಗೆ ಇರ್ಬೇಕು. ನನ್ನದಲ್ಲದ ಮಾತಿಗೆ ನಾನು ರುಜು ಹಾಕುವವನಲ್ಲ.”

ಹತ್ತು ನಿಮಿಷದಲ್ಲಿ ಒಂದು ಪತ್ರ ಬರೆದು ಮುಗಿಸಿದೆ. ಮಾನ್ಯರೇ, ನನ್ನ ತಮ್ಮನ ಮಗನನ್ನು ಕಳಿಸಿಕೊಡಲು ನನ್ನ ಒಪ್ಪಿಗೆ ಇದೆ, ದಯವಿಟ್ಟು ಇನ್ನೊಂದು ಅವಕಾಶ ಕೊಡಬೇಕು, ಇತಿ. ಮೂರು ವಾಕ್ಯ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ‘ನಾನು ಬರೆದ ಹಾಗೆ’ ಎಂಬ ಮಾತು ಕಿವಿಯಲ್ಲಿ ಕೂತಿತ್ತು. ಸುಮ್ಮನೆ, ಕೈ ಸಡಿಲಿಸಲು ಎಂಬ ಹಾಗೆ, ಇನ್ನೊಂದು ಹಾಳೆ ತೆಗೆದುಕೊಂಡೆ. ‘ನಾನು’ ಎಂದು ಬರೆದೆ. ದೊಡ್ಡಪ್ಪನ ಪಾತ್ರದ ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡೆ.

ಆ ಮಳೆಗಾಲವಿಡೀ ಅಂಟಿಕೊಂಡಿದ್ದ ಲೇಖನಿ ಓಡತೊಡಗಿತು. ನನಗೆ ಮಕ್ಕಳಿಲ್ಲ ಎಂದು ಬರೆದೆ. ಈ ಹುಡುಗ ಎದುರು ಕೂತು ಅರ್ಥ ಹೇಳುವಾಗ ನನ್ನ ತಮ್ಮನ ಸ್ವರ ಕೇಳುತ್ತದೆ ಎಂದು ಬರೆದೆ. ನಾನು ಇವನನ್ನು ಕಳಿಸಲಾರೆ, ಅದಕ್ಕೆ ಕಾರಣ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ ಎಂದು ಬರೆದು, ಆ ಕಾರಣ ಏನೆಂದು ಯೋಚಿಸಲು ನಿಂತೆ. ಆಗ ಒಂದೊಂದೇ ಹೊಳೆಯಿತು. ಎರಡನೇ ಸಾಲು, ಮೇಲಿನಿಂದ ನಾಲ್ಕನೆಯದ್ದು. ಥಾನು ಜಾಗ ತಪ್ಪಿದರೆ ಬರುವ ಆ ಸಿಟ್ಟು. ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುವ ಅಭ್ಯಾಸ. ನಿನ್ನೆ ಮಾಳಿಗೆಯ ನಡುವೆ ಥಾನು ಅವಚಿಕೊಂಡು ನಿಂತದ್ದು. ‘ನನಗೆ ಕಣ್ಣು ಕಾಣುವುದಿಲ್ಲ’ ಎಂದು ಬರೆದೆ. ‘ಹಸಿರು ಯಾವುದು ನೀಲಿ ಯಾವುದು ತಿಳಿಯುವುದಿಲ್ಲ. ಇಟ್ಟ ಜಾಗದ ನೆನಪಿನಿಂದ ವ್ಯಾಪಾರ ನಡೆಸುತ್ತಿದ್ದೇನೆ. ಈಗ ನೆರೆ ಬಂದು ಎಲ್ಲವೂ ಮಾಳಿಗೆಗೆ ಏರಿದೆ. ಯಾವುದು ಎಲ್ಲಿದೆ ನನಗೆ ಗೊತ್ತಿಲ್ಲ. ಇವನು ಹೋದರೆ ನನಗೆ ಅಂಗಡಿ ಇಲ್ಲ.’ ಅದುವರೆಗೆ ನಾನು ಬರೆದ ಇಂಗ್ಲಿಷಿನಲ್ಲಿ ಅಷ್ಟು ಒಳ್ಳೆಯದು ಯಾವುದೂ ಇರಲಿಲ್ಲ. ಅದನ್ನು ಮಡಚಿ ಪುಸ್ತಕದೊಳಗೆ ಇಟ್ಟೆ.

ಮರುದಿನ ಬೆಳಿಗ್ಗೆ ಮಳೆ ತುಸು ಬಿಟ್ಟಿತ್ತು. ಹಸನಬ್ಬ ದೋಣಿಯನ್ನು ಕಿಟಕಿಗೆ ತಾಗಿಸಿ ಚೌಕಟ್ಟು ಹಿಡಿದುಕೊಂಡು ನಿಂತ. ನಾನು ಮೊದಲಿನ ಪತ್ರವನ್ನು ಓದಿ, ಸಾಲು ಸಾಲಿಗೆ ಅರ್ಥ ಹೇಳಿದೆ.

“ಇದು ಯಾರು ಬರೆದದ್ದು?” ಎಂದರು ದೊಡ್ಡಪ್ಪ.

“ನೀವು.”

“ನಾನಲ್ಲ. ಇದ್ರಲ್ಲಿ ಪಾತ್ರವೇ ಇಲ್ಲ, ಬರೀ ಕಾಗದ ಉಂಟು.” ಕಿವಿಯತ್ತ ಬೆರಳು ತೋರಿಸಿ ಹೇಳಿದರು, “ನಿನ್ನೆ ಎರಡು ಗಂಟೆ ಹೊತ್ತು ನಿನ್ನ ಲೇಖನಿಯ ಶಬ್ದ ಕೇಳ್ತಾ ಇತ್ತು. ಇದು ಅಷ್ಟು ಹೊತ್ತಿನ ಕಾಗದ ಅಲ್ಲ. ಇನ್ನೊಂದು ಓದು.”

ಸುಳ್ಳು ಹೇಳಬಹುದಿತ್ತು. ಅರ್ಥಧಾರಿಯ ಎದುರು ಸುಳ್ಳು ಸ್ವರ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಪುಸ್ತಕದಿಂದ ತೆಗೆದು, ಸಾಲು ಸಾಲಿಗೂ ಕನ್ನಡದಲ್ಲಿ ಅರ್ಥ ಹೇಳುತ್ತಾ ಓದಿದೆ. ಕಣ್ಣಿನ ಮಾತು ಬಂದಲ್ಲಿ ಹಾಳೆ ಮಡಚಲು ಹೋದೆ.

“ನಿಲ್ಲಿಸ್ಬೇಡ,” ಎಂದರು.

ಓದಿ ಮುಗಿಸಿದೆ. ಕಿಟಕಿಯ ಹೊರಗೆ ಹಸನಬ್ಬ ತಲೆ ತಗ್ಗಿಸಿಕೊಂಡಿದ್ದ. ಒಲೆಯಲ್ಲಿ ಹಸಿ ಸೌದೆ ಚಟಚಟ ಎನ್ನುತ್ತಿತ್ತು.

“ಎಲ್ಲಾ ಸರಿ ಉಂಟು,” ಎಂದರು ದೊಡ್ಡಪ್ಪ. “ಹೆದರಿಕೆ ಆಗ್ತದೆ ಅಂತ ಒಂದು ಬರೆಯಲಿಲ್ಲ, ಅದೂ ಸೇರಿಸ್ಬಹುದಿತ್ತು. ಇರಲಿ. ನನ್ನ ಪಕ್ಷ ಆಯ್ತು. ಈಗ ಎದುರು ಅರ್ಥ ಹೇಳು.”

“ಯಾರದ್ದು?”

“ನಿನ್ನದು ಮಾರಾಯ. ಮತ್ತೆ ಯಾರದ್ದು?”

ನಾನು ಎದ್ದು ನಿಂತೆ, ಮತ್ತೆ ಕೂತೆ. ಬೆಳ್ತಂಗಡಿಯಲ್ಲಿ ನನಗೆ ಉತ್ತರ ಹೇಳಲು ಅವರು ಎರಡು ನಿಮಿಷ ತೆಗೆದುಕೊಂಡಿದ್ದರು. ನಾನು ಎಷ್ಟು ತೆಗೆದುಕೊಂಡೆನೋ ಗೊತ್ತಿಲ್ಲ. ವಿದ್ಯೆಯ ಮಹಿಮೆ ಹೇಳಬಹುದಿತ್ತು, ಅಪ್ಪನಿಗೆ ಕೊಟ್ಟ ಮಾತು ನೆನಪಿಸಬಹುದಿತ್ತು, ಓದಿ ಬಂದು ನಿಮ್ಮನ್ನೇ ಸಾಕುತ್ತೇನೆ ಎನ್ನಬಹುದಿತ್ತು. ಎಲ್ಲವೂ ನಾಲಿಗೆಯ ತುದಿಗೆ ಬಂತು, ಎಲ್ಲವೂ ಬೇರೆ ಯಾರದ್ದೋ ಪಾತ್ರದ ಮಾತಿನ ಹಾಗೆ ಕೇಳಿತು. ಅವರು ಕಾಯುತ್ತಾ ಕೂತಿದ್ದರು. ಮುಖ ನನ್ನ ಕಡೆಗಿತ್ತು. ಆ ಕಣ್ಣುಗಳಿಗೆ ನಾನು ಎಷ್ಟು ಕಾಣುತ್ತೇನೆ ಎಂದು ಆಗ ಮೊದಲ ಬಾರಿ ಯೋಚಿಸಿದೆ.

“ನನಗೆ ಹೋಗ್ಬೇಕು,” ಎಂದೆ.

“ಯಾಕೆ?”

“ಗೊತ್ತಿಲ್ಲ. ಇಲ್ಲಿ ಉಸಿರು ಕಟ್ತದೆ.”

“ನನ್ನನ್ನು ಹೀಗೆ ಬಿಟ್ಟು?”

“ಹೌದು.”

ಅದಕ್ಕಿಂತ ಕಟುವಾದ ಮಾತನ್ನು ನಾನು ಯಾರಿಗೂ ಹೇಳಿಲ್ಲ. ದೊಡ್ಡಪ್ಪ ತಲೆಯಾಡಿಸಿದರು. ಸೋತು ಒಪ್ಪಿಕೊಂಡಾಗ ಹಾಗೆ ತಲೆಯಾಡಿಸುವುದನ್ನು ನಾನು ಕೂಟಗಳಲ್ಲಿ ನೋಡಿದ್ದೆ.

“ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ,” ಎಂದರು. “ಆ ಮೊದಲಿನ ಕಾಗದ ತಾ.”

ಲೇಖನಿಯನ್ನು ಅವರ ಕೈಗೆ ಕೊಟ್ಟೆ. ಕಾಗದದ ಮೇಲೆ ಅಂಗೈ ಸವರಿ, “ಎಲ್ಲಿ?” ಎಂದು ಕೇಳಿದರು. ನಾನು ಅವರ ಬೆರಳನ್ನು ಹಿಡಿದು ರುಜು ಹಾಕುವ ಜಾಗದಲ್ಲಿ ಇಟ್ಟೆ. ಕನ್ನಡದಲ್ಲಿ, ದುಂಡಗೆ, ಒಂದಿಷ್ಟೂ ಓರೆಯಾಗದೆ ಬರೆದರು. ಅವರು ಮನಸ್ಸು ಬದಲಿಸಿದರೆ ಎಂಬ ಅವಸರದಲ್ಲಿ ನಾನು ಶಾಯಿ ಒಣಗುವುದನ್ನೂ ಕಾಯದೆ ಮಡಚಿ ಹಸನಬ್ಬನಿಗೆ ಕೊಟ್ಟುಬಿಟ್ಟೆ.

ನೀರು ಇಳಿದ ಮೇಲೆ ಹೊರಟೆ. ಟ್ರಂಕು ತೆರೆದು ನೋಡಿದರೆ ಅಮ್ಮ ನನ್ನ ಒಗೆದ ಬಟ್ಟೆಗಳನ್ನು ಮಡಚಿ ಆಗಲೇ ಇಟ್ಟಿದ್ದಳು. ಮಂಗಳೂರಿನಲ್ಲಿ ಲೋಬೊ ಸರ್ ಎದುರು ದಿನಕ್ಕೊಂದು ಪುಟ ಬರೆದೆ. ಚೆನ್ನಾಗಿಯೇನೂ ಇರಲಿಲ್ಲ, ಆದರೆ ಅರಸರು ಬರುವುದು ನಿಂತಿತು. ಸೆಪ್ಟೆಂಬರಿನಲ್ಲಿ ಪರೀಕ್ಷೆ ಬರೆದು ಪಾಸಾದೆ. ಊರಿಗೆ ಹೋಗಲು ಮಾತ್ರ ಕಾಲು ಏಳಲಿಲ್ಲ. ಅಂಗಡಿ ಮುಚ್ಚಿರಬಹುದು, ದೊಡ್ಡಪ್ಪ ಮಾಳಿಗೆಯಲ್ಲಿ ಒಬ್ಬರೇ ಕೂತಿರಬಹುದು ಎಂದು ಎಣಿಸಿ ಎಣಿಸಿ, ದೀಪಾವಳಿಗೆ ಹೋಗದೆ ನಿರ್ವಾಹವಿಲ್ಲ ಎಂದಾದಾಗ ಹೋದೆ.

ಅಂಗಡಿ ತೆರೆದಿತ್ತು. ಒಳಗೆ ನಾಲ್ಕೈದು ಗಿರಾಕಿಗಳಿದ್ದರು. ದೊಡ್ಡಪ್ಪ ಎಂದಿನ ಜಾಗದಲ್ಲಿ ಕೂತು, ಯಾರೋ ಕೇಳಿದ ನೀಲಿ ಬಟ್ಟೆಯನ್ನು ಹಿಂದಿನ ಸಾಲಿನಿಂದ ಕೈ ಹಾಕಿ ತೆಗೆದು ಕೊಟ್ಟರು. ನೀಲಿಯೇ. ಹಸಿರು ಕೇಳಿದರೆ ಹಸಿರು. ನಾನು ಬೆರಗಾಗಿ ಒಂದು ಥಾನನ್ನು ಎಳೆದು ನೋಡಿದೆ. ಅಂಚಿನಲ್ಲಿ ಒಂದು ನೂಲಿನ ಎಳೆ, ಅದಕ್ಕೆ ಎರಡು ಗಂಟು. ಪಕ್ಕದ್ದಕ್ಕೆ ಮೂರು. ಬಿಳಿಯದಕ್ಕೆ ಒಂದೇ. ಗೋಡೆಯುದ್ದಕ್ಕೂ ಒಂದು ಥಾನನ್ನೂ ಬಿಡದೆ ಸಣ್ಣ ಬಿಗಿ ಗಂಟುಗಳು.

ಹಿಂದಿನ ಕೋಣೆಯ ಪರದೆಯ ಆಚೆ ಅಮ್ಮ ಹೊಸದಾಗಿ ಬಂದ ಬಟ್ಟೆಯ ಕಟ್ಟು ಬಿಚ್ಚಿಕೊಂಡು ಕೂತಿದ್ದಳು. ಹಲ್ಲಿನಲ್ಲಿ ನೂಲು ಕಚ್ಚಿಕೊಂಡಿದ್ದಳು. ನೆರೆ ಇಳಿದ ವಾರದಿಂದಲೇ ಇದನ್ನು ಮಾಡುತ್ತಿದ್ದಾಳೆ ಎಂದು ತಿಳಿಯಿತು. ಈಗಲೂ ಅವಳು ಭಾವನ ಎದುರು ಮಾತಾಡುವುದಿಲ್ಲ, ಅವರೂ ಅವಳನ್ನು ಏನೂ ಕೇಳುವುದಿಲ್ಲ. ಗಂಟು ಹಾಕಿ ಪರದೆಯ ಈಚೆ ದೂಡುತ್ತಾಳೆ, ಅವರು ಮುಟ್ಟಿ ನೋಡಿ ಸಾಲಿಗೆ ಸೇರಿಸುತ್ತಾರೆ.

ನಾನು ಅವಳ ಎದುರು ಕುಕ್ಕರಿಸಿದೆ. “ದೊಡ್ಡಪ್ಪನಿಗೆ ಕಣ್ಣು ಕಾಣುವುದಿಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತಮ್ಮ?”

“ನೀನು ಓದಿದ್ದು ಕೇಳಿತಲ್ಲ,” ಎಂದಳು. “ಒಲೆಯ ಹತ್ತಿರವೇ ಇದ್ದೆ.”

“ಅವತ್ತೇ ಹೇಳ್ಬಹುದಿತ್ತಲ್ಲ, ಅಂಗಡಿ ನಾನು ನೋಡ್ತೇನೆ ಅಂತ.”

ಅವಳು ನೂಲನ್ನು ಹಲ್ಲಿನಿಂದ ತೆಗೆದು, ಗಂಟು ಬಿಗಿದು, ಥಾನನ್ನು ಪಕ್ಕಕ್ಕಿಟ್ಟಳು. ಸಿಟ್ಟಿನಿಂದ ಹೇಳಲಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಎಂಬ ಹಾಗೆ ಕೇಳಿದಳು.

“ಅವತ್ತು ಮಾಳಿಗೆಯಲ್ಲಿ ನೀವು ಇಬ್ಬರೇ ಇದ್ದೀರಿ ಅಂತ ಎಣಿಸಿದ್ದಾ ವಾಸು?”

ಹೌದು, ಹಾಗೆಯೇ ಎಣಿಸಿದ್ದೆ. ಅಷ್ಟು ಉದ್ದದ ಪತ್ರದಲ್ಲಿ ಅವಳ ಹೆಸರು ಎಲ್ಲಿಯೂ ಇರಲಿಲ್ಲ.